ಪ್ರಸಾರಕ್ಕೆ ಮೊದಲು ನೋಡುತ್ತಿದ್ದವರು

ಅಂಕಲ್ ಹೆಡ್‌ಫೋನನ್ನು ಬಲಗಿವಿಗೆ ಮಾತ್ರ ಹಾಕಿಕೊಳ್ಳುತ್ತಿದ್ದರು. ಎಡಗಡೆಯ ಬಟ್ಟಲನ್ನು ಹಿಂದಕ್ಕೆ ಸರಿಸಿ ಬೋಳುತಲೆಯ ಮೇಲೆ ಕೂರಿಸಿಬಿಡುತ್ತಿದ್ದರು. ಅರ್ಧ ಗಂಟೆಯ ಕಾರ್ಯಕ್ರಮ ನೋಡಿ ಮುಗಿಸುವಷ್ಟರಲ್ಲಿ ಬಲಗಿವಿ ಕೆಂಪಾಗಿ, ತಲೆಯ ಮೇಲೆ ದುಂಡಗಿನ ಗುರುತು ಬಿದ್ದಿರುತ್ತಿತ್ತು. “ಒಂದು ಕಿವಿ ಪ್ರೋಗ್ರಾಮಿಗೆ, ಇನ್ನೊಂದು ಅದನ್ನ ಮಾಡಿದವರ ಜಗಳಕ್ಕೆ” ಎನ್ನುತ್ತಿದ್ದರು.

ಜಗಳ ಇದ್ದೇ ಇರುತ್ತಿತ್ತು. ಪರ್ತ್‌ನಲ್ಲಿ ಆಗ ಊರಿನವರೇ ಸೇರಿ ನಡೆಸುವ ಒಂದು ಟೀವಿ ಚಾನೆಲ್ ಇತ್ತು. ಯಾರು ಬೇಕಾದರೂ ಕಾರ್ಯಕ್ರಮ ಮಾಡಿ ಕೊಡಬಹುದಿತ್ತು. ಆದರೆ ಪ್ರಸಾರಕ್ಕೆ ಮೊದಲು ಆ ಭಾಷೆ ಬಲ್ಲ ಸಮಿತಿಯ ಸದಸ್ಯರೊಬ್ಬರು ಪೂರ್ತಿ ನೋಡಿ ಸಹಿ ಹಾಕಬೇಕು. ಭಾನುವಾರ ಬೆಳಗಿನ ಕನ್ನಡ ಅರ್ಧ ಗಂಟೆಗೆ ಆ ಸಹಿ ಅಂಕಲ್‌ರದು. ಕ್ಯಾಮೆರಾ, ಮೈಕು, ಲೈಟುಗಳನ್ನಿಡುವ ಬೀರುವಿನ ಬೀಗದ ಕೈಯೂ ಅವರ ಹತ್ತಿರವೇ. ಆಸ್ಪತ್ರೆಯಲ್ಲಿ ಅನಸ್ತೇಷಿಯಾ ಕೊಡುವ ಡಾಕ್ಟರಾಗಿ ನಿವೃತ್ತರಾದವರು. ವಾಪಸ್ಸು ಬಂದ ಒಂದೊಂದು ವೈರನ್ನೂ ಬೆರಳಲ್ಲಿ ಸವರಿ, ಎಲ್ಲೂ ಸೀಳಿಲ್ಲ ಎಂದು ನೋಡಿಯೇ ಒಳಗಿಡುತ್ತಿದ್ದರು. ಮೊಣಕೈಗೆ ಸುತ್ತಿ ತಂದವರಿಂದ ಬಿಚ್ಚಿಸಿ ಮತ್ತೆ ಸುತ್ತಿಸುತ್ತಿದ್ದರು.

ಒಮ್ಮೆ ಇಲ್ಲಿನ ಕನ್ನಡ ಸಂಘದ ಕಾರ್ಯದರ್ಶಿಗಳ ರಾಜ್ಯೋತ್ಸವ ಭಾಷಣದಲ್ಲಿ ಪಕ್ಕದ ರಾಜ್ಯದವರನ್ನು ಬೈದ ಭಾಗವನ್ನು ತೆಗೆಸಿದರು. ಕಾರ್ಯದರ್ಶಿಗಳು ರೇಗಿದರು.

“ಅಂಕಲ್, ಜನರನ್ನ ಮಲಗಿಸಿ ಮಲಗಿಸಿ ಅಭ್ಯಾಸ ನಿಮಗೆ. ಈಗ ನಮ್ ಪ್ರೋಗ್ರಾಮನ್ನೂ ಮಲಗಿಸ್ಬಿಡಿ!”

“ನಿಮ್ಮ ಭಾಷಣ ಇರೋವಾಗ ಅದಕ್ಕೆ ನಾನ್ಯಾಕಪ್ಪಾ ಬೇಕು?”

ನಾನು ವೃದ್ಧಾಶ್ರಮವೊಂದರಲ್ಲಿ ಕೆಲಸ ಮಾಡುವವಳು. ಆ ಕಾರ್ಯಕ್ರಮದ ಕೊನೆಯ ಐದು ನಿಮಿಷ, ಯಾರ ಮನೆಯಲ್ಲಿ ನಾಮಕರಣ, ಯಾವ ಪಾರ್ಕಿನಲ್ಲಿ ಬಾರ್ಬೆಕ್ಯೂ ಊಟ ಎಂಬ ಸಮಾಚಾರ ಓದುತ್ತಿದ್ದೆ. ನಾನು ಈ ದೇಶಕ್ಕೆ ಬಂದ ಹಿಂದೆಯೇ ತಮ್ಮನೂ ಇಲ್ಲಿ ಕಾಲೇಜು ಓದಲು ಬಂದ. ಬೆಂಟ್ಲಿ ಬಡಾವಣೆಯಲ್ಲಿ ನಾಲ್ವರು ಹುಡುಗರ ಜೊತೆ ಒಂದು ಬಾಡಿಗೆ ಮನೆಯಲ್ಲಿದ್ದ.

ಎರಡು ಸೆಮಿಸ್ಟರ್ ಫೇಲಾಗಿರುವುದನ್ನು ಅವನು ಮುಚ್ಚಿಟ್ಟಿದ್ದ. ನನಗೆ ಗೊತ್ತಾದ ದಿನ ಫೋನಿನಲ್ಲಿ, “ಅಮ್ಮನಿಗೆ ಹೇಗೋ ಮುಖ ತೋರಿಸ್ತೀಯಾ?” ಎಂದು ಕೇಳಿ ಫೋನ್ ಕುಕ್ಕಿಬಿಟ್ಟೆ. ಮರುದಿನ ಅವನ ರೂಮು ಖಾಲಿಯಾಗಿತ್ತು. ಫೋನು ಹಾಸಿಗೆಯ ಮೇಲೆಯೇ ಇತ್ತು.

ಪೊಲೀಸರಿಗೆ ದೂರು ಕೊಟ್ಟೆ. ಅವನ ಫೋಟೋ ಹಿಡಿದು ಬಸ್ಸಿನಲ್ಲಿ ಊರೆಲ್ಲ ಸುತ್ತಿದೆ. ಪೆಟ್ರೋಲ್ ಬಂಕುಗಳಲ್ಲಿ ಲೆಕ್ಕ ಹಾಕುತ್ತಿದ್ದ ನಮ್ಮ ಕಡೆಯ ಹುಡುಗರು ಫೋಟೋ ನೋಡಿ ಇಲ್ಲವೆಂದು ತಲೆಯಾಡಿಸುತ್ತಿದ್ದರು. ಒಂಬತ್ತು ದಿನ ಕಳೆದವು. ಊರಿನಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ, ಅವನು ಕ್ಲಾಸಿಗೆ ಹೋಗಿದ್ದಾನೆ, ಕೆಲಸಕ್ಕೆ ಹೋಗಿದ್ದಾನೆ ಎಂದು ಹೇಳಿ ಹೇಳಿ ನನ್ನ ನಾಲಿಗೆ ಒಣಗಿಹೋಗಿತ್ತು.

ಹತ್ತನೆಯ ದಿನ ಸ್ಟುಡಿಯೋದಲ್ಲಿ ಸಮಾಚಾರದ ಬದಲು ನನ್ನ ಗೋಳನ್ನೇ ರೆಕಾರ್ಡ್ ಮಾಡಿದೆ. ತಮ್ಮ ಪರೀಕ್ಷೆಯಲ್ಲಿ ಫೇಲಾಗಿ ಹೇಳದೆ ಹೋಗಿದ್ದಾನೆ, ಮನಸ್ಸು ಸ್ಥಿಮಿತದಲ್ಲಿಲ್ಲ, ಕಂಡವರು ಹಿಡಿದಿಟ್ಟುಕೊಂಡು ತಿಳಿಸಿ ಎಂದು ಅತ್ತೆ. ಅಂಕಲ್ ಪೂರ್ತಿ ನೋಡಿದರು. ಪೆನ್ನು ತೆಗೆಯಲಿಲ್ಲ.

“ಇದನ್ನ ಯಾರಿಗೆ ಹೇಳ್ತಾ ಇದೀಯಮ್ಮಾ?”

“ಎಲ್ರಿಗೂ, ಅಂಕಲ್. ಯಾರಾದ್ರೂ ನೋಡಿರ್ತಾರೆ.”

“ಎಲ್ರ ಜೊತೆ ಅವನೂ ನೋಡ್ತಾನಲ್ವಾ? ನೋಡಿದ್ಮೇಲೆ ಬರ್ತಾನಾ, ಓಡ್ತಾನಾ?”

ನಾನು ಕಿರುಚಿದೆ. ನಿಮ್ಮ ಸಹಿಗೆ ಬೆಂಕಿ ಬೀಳಲಿ, ನನ್ನ ತಮ್ಮ ಸಾಯುತ್ತಿರಬಹುದು ಎಂದೆ. ಅವರು ಹೆಡ್‌ಫೋನ್ ಪೂರ್ತಿ ಕಳಚಿಟ್ಟು ನಾನು ಸುಮ್ಮನಾಗುವವರೆಗೆ ಕೂತಿದ್ದರು. ಆಮೇಲೆ ತಾವೇ ಕ್ಯಾಮೆರಾ ಹಾಕಿದರು. “ಊರಿಗೆ ಏನೂ ಹೇಳ್ಬೇಡ. ಅವನಿಗೆ ಹೇಳು” ಎಂದರು. ಹೇಳಿದೆ: “ಪುಟ್ಟಾ, ನನಗೆ ಕೋಪ ಇಲ್ಲ. ಅವತ್ತು ಹಾಗೆ ಕೇಳಬಾರದಿತ್ತು. ಬರಬೇಕು ಅಂತಿಲ್ಲ. ಇದೀನಿ ಅಂತ ಒಂದು ಮಾತು ಹೇಳು, ಸಾಕು.” ಪರದೆಯ ಕೆಳಗೆ ನನ್ನ ನಂಬರ್ ಬೇಡವೆಂದು ಅಂಕಲ್ ತಮ್ಮದನ್ನು ಹಾಕಿಸಿದರು. “ನಿನ್ನ ಧ್ವನಿ ಕೇಳೋಕೆ ಅವನಿಗೆ ಇನ್ನೂ ಧೈರ್ಯ ಬಂದಿರಲ್ಲ.”

ಭಾನುವಾರ ಮಧ್ಯಾಹ್ನ ಅಂಕಲ್ ಫೋನ್ ಮಾಡಿ ಒಂದೇ ಮಾತು ಹೇಳಿದರು. “ಬದುಕಿದಾನೆ.”

ಅಲ್ಲಿಂದ ಪ್ರತಿ ಭಾನುವಾರ ತಮ್ಮ ಅಂಕಲ್‌ಗೆ ಫೋನ್ ಮಾಡುತ್ತಿದ್ದ. ನಂಬರ್ ಕಾಣಿಸುತ್ತಿರಲಿಲ್ಲ. ಪೊಲೀಸರಿಗೆ ಹೇಳಬೇಕಾದ್ದನ್ನು ಅಂಕಲ್ ಹೇಳಿದರು. ನನಗೆ ಮಾತ್ರ ಚೂರು ಚೂರು ಸುದ್ದಿ. ಕೆಮ್ಮಿದೆಯಂತೆ, ಮಾತ್ರೆ ಹೇಳಿದೀನಿ. ಈ ವಾರ ಸಾರು ಮಾಡಿಕೊಂಡನಂತೆ. ಎಲ್ಲಿದ್ದಾನೆ ಎಂದು ಕೇಳಿದರೆ, “ಹೇಳಲ್ಲ ಅಂತ ಮಾತು ಕೊಟ್ಟಿದೀನಿ” ಎನ್ನುತ್ತಿದ್ದರು.

ಮೂರು ತಿಂಗಳಾದ ಮೇಲೆ ತಡೆಯಲಾರದೆ ಎಲೆನ್‌ಬ್ರೂಕ್‌ನ ಅವರ ಮನೆಗೇ ಹೋದೆ. ಆಂಟಿ ಇಡ್ಲಿ ಹಾಕಿ ಕೊಟ್ಟರು. ನಾನು ಮುಟ್ಟಲಿಲ್ಲ.

“ನಿಮಗೂ ಮಕ್ಕಳಿದ್ದಿದ್ರೆ ಗೊತ್ತಾಗಿರೋದು” ಎಂದೆ.

ಆಂಟಿ ಒಳಗೆ ಹೋದರು. ಅಂಕಲ್ ಇಡ್ಲಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. “ಹೇಳಿದ್ರೆ ನೀನು ಹೋಗ್ತೀಯಾ. ನೀನು ಹೋದ್ರೆ ಅವನು ಇನ್ನೂ ದೂರ ಹೋಗ್ತಾನೆ. ಆಮೇಲೆ ನನಗೂ ಗೊತ್ತಿರಲ್ಲ, ನಿನಗೂ ಗೊತ್ತಿರಲ್ಲ. ಇಡ್ಲಿ ತಿನ್ನು.”

ಮಕ್ಕಳ ವಿಷಯ ಎತ್ತಿ ನಾನಾಡಿದ ಆ ಮಾತಿಗೆ ಕ್ಷಮೆ ಕೇಳಬೇಕೆಂದುಕೊಂಡೇ ದಿನ ದೂಡಿದೆ. ಒಂದು ಗುರುವಾರ ಬೆಳಿಗ್ಗೆ ಅಂಕಲ್ ಚಹಾ ಕುಡಿಯುತ್ತ ಕುರ್ಚಿಯಲ್ಲೇ ಒರಗಿದರು. ಹೃದಯ ನಿಂತಿತ್ತು.

ಭಾನುವಾರ ಅವರ ಮನೆ ತುಂಬ ಜನ. ನಾನು ಬಂದವರಿಗೆ ಕಾಫಿ ಬೆರೆಸುತ್ತಿದ್ದೆ. ಫ್ರಿಜ್ಜಿನ ಮೇಲಿದ್ದ ಅಂಕಲ್ ಫೋನು ಬಡಿದುಕೊಂಡಿತು. ನಂಬರ್ ಇರಲಿಲ್ಲ. ಎತ್ತಿಕೊಂಡೆ. “ಅಂಕಲ್?” ಎಂದ. ಅದೇ ಧ್ವನಿ, ಸ್ವಲ್ಪ ಒಡೆದಿತ್ತು. ನನಗೆ ಬೇರೇನೂ ಹೊಳೆಯಲಿಲ್ಲ. “ಎಲ್ಲಿದೀಯೋ? ಎಲ್ಲಿದೀಯಾ ಹೇಳೋ, ಎಲ್ಲಿ?” ಎಂದೆ. ಫೋನು ಕಟ್ಟಾಯಿತು. ಅಂಕಲ್ ಹೋದರೆಂದು ಕೂಡ ನಾನು ಅವನಿಗೆ ಹೇಳಿರಲಿಲ್ಲ.

ಮುಂದಿನ ಭಾನುವಾರ ಫೋನು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಆಂಟಿ ಆ ಫೋನನ್ನು ನನ್ನ ಕೈಗೇ ಕೊಟ್ಟರು. “ನೀನೇ ಇಟ್ಕೋಮ್ಮಾ, ನನಗೆ ಅದು ಸುಮ್ನಿರೋದನ್ನ ನೋಡೋಕಾಗಲ್ಲ” ಎಂದರು. ಕೆಲಸದಲ್ಲಿ ಮುದುಕರನ್ನು ಎತ್ತಿ ಕೂರಿಸುವಾಗಲೂ ಅದು ನನ್ನ ಜೇಬಿನಲ್ಲಿರುತ್ತಿತ್ತು. ತಮ್ಮನಿಗೆ ಆಸರೆಯಾಗಿದ್ದ ಒಂದೇ ದಾರಿಯನ್ನು ನಾನೇ ಕಡಿದೆ ಎಂಬ ಯೋಚನೆಯಲ್ಲಿ ಊಟ ಇಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಚಾನೆಲ್ಲನ್ನು ಮುಚ್ಚುತ್ತಾರೆಂಬುದು ಖಚಿತವಾಯಿತು. ಇನ್ನು ಎರಡೇ ಭಾನುವಾರ ಉಳಿದಿದ್ದವು. ಮತ್ತೊಂದು ಪ್ರಕಟಣೆ ಬರೆದುಕೊಂಡು ಹೋದೆ. ಸಮಿತಿಯ ಅಧ್ಯಕ್ಷೆ ಇಲ್ಲಿಯವರೇ, ವಯಸ್ಸಾದ ಹೆಂಗಸು, ಅವರಿಗೆ ಕನ್ನಡ ಬಾರದು. ಕನ್ನಡಕ್ಕೆ ಸಹಿ ಹಾಕಲು ಈಗ ಯಾರೂ ಇರಲಿಲ್ಲ, ನಮ್ಮ ಕಾರ್ಯಕ್ರಮಕ್ಕೆ ನಾವೇ ಸಹಿ ಹಾಕುವಂತೆಯೂ ಇರಲಿಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದೊಂದೇ ಸಾಲನ್ನು ಇಂಗ್ಲಿಷಿನಲ್ಲಿ ಹೇಳಿಸಿಕೊಂಡರು. ಕೊನೆಗೆ, “ಅವರಿದ್ದಿದ್ದರೆ ಇದಕ್ಕೆ ಸಹಿ ಹಾಕುತ್ತಿದ್ದರಾ?” ಎಂದು ಕೇಳಿದರು.

ನಾನು ಕಾಗದ ನೋಡಿದೆ. ‘ಎಲ್ಲಿದೀಯಾ ಅಂತ ಮಾತ್ರ ಹೇಳಿಬಿಡು, ಅಮ್ಮ ಕೊರಗುತ್ತಿದ್ದಾಳೆ’ ಎಂದು ಬರೆದಿದ್ದೆ. ಅವರ ಪೆನ್ನನ್ನೇ ಇಸಿದುಕೊಂಡು ಆ ಸಾಲು ಹೊಡೆದುಹಾಕಿದೆ.

“ಈಗ ಹಾಕುತ್ತಿದ್ದರು” ಎಂದೆ. ಅವರು ಸಹಿ ಮಾಡಿದರು.

ಉಳಿದದ್ದು ಇಷ್ಟೇ: “ಪುಟ್ಟಾ, ಅಂಕಲ್ ತೀರಿಕೊಂಡರು. ಅವತ್ತು ನಿನಗೆ ಅದನ್ನು ಹೇಳದೆ ಬೇರೆ ಕೇಳಿದೆ. ನಂಬರ್ ಅದೇ ಇದೆ, ಫೋನು ನನ್ನ ಹತ್ತಿರ ಇದೆ.”

ಎರಡು ಭಾನುವಾರವೂ ಅದು ಪ್ರಸಾರವಾಯಿತು. ಯಾವ ಫೋನೂ ಬರಲಿಲ್ಲ. ಮಂಗಳವಾರ ಚಾನೆಲ್ ನಿಂತಿತು. ಟೀವಿಯಲ್ಲಿ ಆ ಜಾಗಕ್ಕೆ ಬಂದರೆ ಬರಿ ಕಪ್ಪು. ಅವನನ್ನು ಮುಟ್ಟುವ ದಾರಿ ನನ್ನ ಹತ್ತಿರ ಇನ್ನೊಂದಿರಲಿಲ್ಲ.

ಎರಡು ದಿನ ಬಿಟ್ಟು, ಕೆಲಸದಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿದ್ದಾಗ ಜೇಬು ನಡುಗಿತು.

“ಅಂಕಲ್‌ಗೆ ಏನಾಗಿತ್ತು?” ಎಂದ.

ಹೇಳಿದೆ. ಬೆಳಿಗ್ಗೆ, ಕುರ್ಚಿಯಲ್ಲಿ, ನೋವಿಲ್ಲದೆ. ಅವನು ಅತ್ತ. ಹಿಂದೆ ಜೋರು ಗಾಳಿ, ಯಾವುದೋ ಯಂತ್ರದ ಸದ್ದು, ದೂರದಲ್ಲಿ ಕೂಗಾಡುವ ಗಂಡಸರು. ನಾನು ಎಡಗೈಯಿಂದ ಬಾಯಿ ಒತ್ತಿ ಹಿಡಿದುಕೊಂಡಿದ್ದೆ. ಅಂಕಲ್ ಅಷ್ಟು ತಿಂಗಳು ನನ್ನ ಬೈಗುಳದ ಎದುರು ಹೇಗೆ ಸುಮ್ಮನಿದ್ದರೋ, ನನಗೆ ಆ ಎರಡು ನಿಮಿಷವೇ ಯುಗವಾಯಿತು.

“ಆಂಟಿ ಒಬ್ರೇ ಇದಾರಾ?”

“ನಾನು ಹೋಗ್ತಿರ್ತೀನಿ.”

ಅವನು ಮೂಗು ಒರೆಸಿಕೊಂಡದ್ದು ಕೇಳಿಸಿತು. “ಅಕ್ಕಾ, ಏನೂ ಕೇಳಲ್ವಾ?”

“ಇಲ್ಲ ಕಣೋ.”

ಗಾಳಿ ಬೀಸುತ್ತಲೇ ಇತ್ತು. “ಭಾನುವಾರ ಮಾಡ್ತೀನಿ” ಎಂದ.

“ಮಾಡು” ಎಂದೆ.