ಅಜ್ಜಿಯ ಹೆಸರು ಬೇಡ ಎಂದಿದ್ದೆ

ನನ್ನ ತಮ್ಮನಿಗೆ ಹೆಣ್ಣು ಕೂಸು ಹುಟ್ಟಿದ್ದು ಮುಂಡರಗಿಯಲ್ಲಿ, ಅವನ ಹೆಂಡತಿಯ ತವರಿನಲ್ಲಿ. ಕೂಸಿನ ಹೊಕ್ಕುಳ ಬಳ್ಳಿ ಇನ್ನೂ ಉದುರಿರಲಿಲ್ಲ, ಹೆಸರಿನ ಜಗಳ ಶುರುವಾಗಿತ್ತು. ಶುರು ಮಾಡಿದವಳು ನಾನೇ, ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು, ಆ ಕೂಸಿಗೆ ಇರುವವಳು ನಾನೊಬ್ಬಳೇ ಸೋದರತ್ತೆ. ಅವ್ವ ತೀರಿಕೊಂಡು ವರ್ಷ ದಾಟಿತ್ತು. ಅವಳ ಹೆಸರು ಬಿಟ್ಟು ಬೇರೆ ಹೆಸರು ನನ್ನ ಬಾಯಿಂದ ಹೊರಡುವುದಿಲ್ಲ ಎಂದು ದವಾಖಾನೆಯಲ್ಲೇ ಹೇಳಿಬಿಟ್ಟಿದ್ದೆ.

ನಾನಿರುವುದು ಬೆಟಗೇರಿಯಲ್ಲಿ, ನೌಕರಿ ಶಿರಹಟ್ಟಿಯ ಒಂದು ಶಾಲೆಯಲ್ಲಿ. ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ಮಕ್ಕಳ ಹೆಸರು ಕೂಗುವವಳು. ನಮ್ಮವ್ವನನ್ನು ಮಾತ್ರ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಪ್ಪನಿಗೆ ಅವಳು 'ಏ, ಇಕಿನ', ನಮಗೆ ಅವ್ವ, ಓಣಿಯವರಿಗೆ ಇಂಥವಳ ಅವ್ವ. ಹೆಸರು ಕೂಗುತ್ತಿದ್ದವಳು ಒಬ್ಬಳೇ, ನಮ್ಮ ಅಜ್ಜಿ, ಅಪ್ಪನ ತಾಯಿ. ಆಕೆ ಕೂಗಿದಾಗಲೆಲ್ಲ ಹೆಸರಿನ ಬೆನ್ನಿಗೊಂದು ಬೈಗುಳ ಇದ್ದೇ ಇರುತ್ತಿತ್ತು. ಅದಕ್ಕೇ ನನಗೆ ಹಟ. ಆ ಹೆಸರನ್ನು ಮುದ್ದಿನಿಂದ ಕರೆಯುವ ನಾಲ್ಕು ಜನ ಮನೆಯಲ್ಲಿರಬೇಕು ಅನ್ನಿಸಿತ್ತು.

ತಮ್ಮನೋ, ಫೋನಿನಲ್ಲಿ ಹೆಸರು ಹುಡುಕಿ ಹುಡುಕಿ ಕಳಿಸತೊಡಗಿದ. ಎಲ್ಲವೂ ಎರಡಕ್ಷರದವು, ಅರ್ಧದಷ್ಟು ನನ್ನ ನಾಲಗೆಗೆ ಹೊರಳುತ್ತಿರಲಿಲ್ಲ. "ಇದರ ಅರ್ಥ ಏನಲೇ?" ಎಂದು ಕೇಳಿದರೆ "ಬೆಳಕಂತ ಯಕ್ಕಾ" ಅನ್ನುತ್ತಿದ್ದ.

"ಹತ್ತು ಹೆಸರು ಕಳಿಸಿ ಹತ್ತಕ್ಕೂ ಬೆಳಕ ಅಂತೀದಿ. ಮಗಳಿಗೆ ಹೆಸರಿಡ್ತೀಯೋ, ಲೈಟಿನ ಅಂಗಡಿ ತಗೀತೀಯೋ?"

ಅವನ ಹೆಂಡತಿಯದು ಬೇರೆ ತಕರಾರು. "ಅಕ್ಕಾರ, ಅತ್ತಿ ಹೆಸರಿಟ್ರ ನಾಳೆ ಕೂಸಿಗೆ ಬೈಯೂದು ಹೆಂಗ್ರಿ?" ಎಂದಳು. ಬೈಯಬೇಡ ಎಂದೆ. ಅವಳು ನಕ್ಕು, ಆತು ಬಿಡ್ರಿ ಅಂದಳು. ಗೆದ್ದೆ ಎಂದುಕೊಂಡೆ.

ಆ ರವಿವಾರ ಅಪ್ಪ, ತಮ್ಮ ಇರುವ ಲಕ್ಷ್ಮೇಶ್ವರದ ಮನೆಗೆ ಹೋಗಿ ಅಪ್ಪನಿಗೆ ಖಬರ ಹೇಳಿದೆ. ಅಪ್ಪ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ. ಯಾವ ಮಾತಿಗೂ ಹೂಂ, ಹೂಂಹೂಂ ಬಿಟ್ಟರೆ ಮೂರನೆಯ ಮಾತಾಡದ ಮನುಷ್ಯ. ಅವತ್ತು ತಲೆ ಎತ್ತದೆ, "ಕೂಸಿಗೆ ನಿಮ್ಮಜ್ಜಿ ಹೆಸರು ಬರಲಿ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಯಾವ ಅಜ್ಜಿ? ಅವ್ವ ನನ್ನ ತಮ್ಮನನ್ನು ಹಡೆದು ಬಾಣಂತಿಯಾಗಿದ್ದಾಗ ತುಪ್ಪದ ಡಬ್ಬಿಯನ್ನು ತನ್ನ ಮಂಚದ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ ಅಜ್ಜಿ. ಆಗ ನನಗೆ ಎಂಟು ವರ್ಷ. ಅವ್ವ ಒಣ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದುದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಅಂಥವಳ ಹೆಸರನ್ನು ನಾನು ಬಗ್ಗಿ ಕೂಸಿನ ಕಿವಿಯಲ್ಲಿ ಹೇಳಬೇಕೇ?

"ನಾ ಹೇಳಂಗಿಲ್ಲ. ಯಾರ ಕಡಿಂದ ಹೇಳಸ್ತೀಯೋ ಹೇಳಸು" ಎಂದೆ. ಅಪ್ಪ ಮತ್ತೆ ಅಡಿಕೆ ಕತ್ತರಿಸಿದ.

ತೊಟ್ಟಿಲ ಕಾರ್ಯ ಮೂರನೆಯ ತಿಂಗಳಿಗೆ ಅಂತ ನಿಶ್ಚಯವಾಗಿತ್ತು. ಅಲ್ಲಿಯವರೆಗೆ ನಾನು ಫೋನು ಮಾಡುವುದು, ಅಪ್ಪ ಅದನ್ನು ತಮ್ಮನ ಕೈಗೆ ಕೊಡುವುದು, ಇದೇ ನಡೆಯಿತು. "ಅಪ್ಪ ಏನಂತಾನ?" ಎಂದರೆ, "ಅದ ಮಾತು ಯಕ್ಕಾ. ಹಿರೇರು ಹೇಳ್ಯಾರ, ನೀನ ಸ್ವಲ್ಪ ತಗ್ಗಬಾರದೇನು?" ಅನ್ನುತ್ತಿದ್ದ. ಬೆಳಕು ಹುಡುಕುತ್ತಿದ್ದವನು ಒಂದೇ ತಿಂಗಳಿಗೆ ಅಪ್ಪನ ಕಡೆ ವಾಲಿಬಿಟ್ಟಿದ್ದ. ಅವ್ವನ ಪರವಾಗಿ ನಾನೊಬ್ಬಳೇ ಉಳಿದೆ. ಶಾಲೆಯಲ್ಲಿ ಮಕ್ಕಳ ಮೇಲೆ ಸುಮ್ಮಸುಮ್ಮನೆ ಹರಿಹಾಯುತ್ತಿದ್ದೆ.

ಕಾರ್ಯಕ್ಕೆ ಒಂದು ವಾರ ಇರುವಾಗ ಚಿಗವ್ವನನ್ನು ಕರೆಯಲು ಶಿಗ್ಲಿಗೆ ಹೋದೆ. ಚಿಗವ್ವ ಅವ್ವನ ಒಬ್ಬಳೇ ತಂಗಿ. ಪಡಸಾಲೆಯಲ್ಲಿ ಬಿತ್ತನೆಯ ಶೇಂಗಾ ಒಡೆಯುತ್ತ ಕೂತಿದ್ದಳು. ನಾನೂ ಒಂದು ಬೊಗಸೆ ಎಳೆದುಕೊಂಡು ಒಡೆಯುತ್ತ, ಅಪ್ಪನ ಮೇಲಿನ ಸಿಟ್ಟನ್ನೆಲ್ಲ ಅವಳ ಮುಂದೆ ಹಾಕಿದೆ. ನೀನಾದರೂ ಬಂದು ಹೇಳು, ನಿಮ್ಮಕ್ಕನ ಹೆಸರು ಇಡಿಸು ಎಂದೆ.

"ಯಾವ ಹೆಸರು ಇಡಬೇಕಂತೀದಿ?" ಎಂದು ಕೇಳಿದಳು.

ಹೇಳಿದೆ.

ಚಿಗವ್ವನ ಕೈ ನಿಂತಿತು. "ಅದು ನಮ್ಮಕ್ಕನ ಹೆಸರಲ್ಲ ಯವ್ವಾ. ಅದು ನಿಮ್ಮ ಮನ್ಯಾಗ ಇಟ್ಟಿದ್ದು."

ನನಗೆ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅವ್ವನಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆ, ಮತ್ತು ಅದು ನಮ್ಮ ಅಜ್ಜಿಯ ಹೆಸರೇ ಆಗಿತ್ತು. ಅತ್ತೆಗೂ ಸೊಸೆಗೂ ಒಂದೇ ಹೆಸರು. ಮದುವೆಯ ದಿನ, ತಲೆಯ ಮೇಲೆ ಅಕ್ಕಿಕಾಳು ಬೀಳುವ ಮುಂಚೆ ಅಜ್ಜಿ ತಕರಾರು ತೆಗೆದಿದ್ದಳಂತೆ.

"'ನನ್ನ ಮಗ ಹೇಣ್ತಿನ್ನ ಅವ್ವನ ಹೆಸರ್ಲೆ ಕರೀಬೇಕೇನು? ಈ ಹುಡುಗಿ ಹೆಸರು ಬದಲ ಆಗಬೇಕು' ಅಂದ್ಳು ನಿಮ್ಮಜ್ಜಿ. ಅಲ್ಲೇ, ಆಗಿಂದಾಗ, ತನಗ ತಿಳಿದಿದ್ದೊಂದು ಇಟ್ಟಳು. ಅಕ್ಕನ್ನ ಯಾರೂ ಕೇಳಲಿಲ್ಲ. ಹೊಸಾ ಹೆಸರ್ಲೆ ಕರದರ ಯಾರನ್ನೋ ಕರೀತಾರಂತ ಅಕಿ ಸುಮ್ಮನ ಕುಂಡ್ರಾಕಿ. ಕಿವುಡಿನ್ನ ತಂದೀವಿ ಅಂತಿದ್ಲಂತ ನಿಮ್ಮಜ್ಜಿ."

"ನೀವಾದ್ರೂ ಹಳೇ ಹೆಸರ್ಲೆ ಕರೀಬೇಕಿತ್ತಲ್ಲ."

"ನಮ್ಮಪ್ಪ ಬಿಡಲಿಲ್ಲ. ಬೀಗರ ಕಿವಿಗೆ ಬಿದ್ರ ಅವರ ಮನಿ ಹಿರೇರನ್ನ ಹೆಸರು ಹಿಡದು ಕರದಂಗ ಆಗತೈತಿ ಅಂದ. ನನಗ ಅಕ್ಕ ಆದ್ಳು, ಮನ್ಯಾಗ ದೊಡ್ಡಾಕಿ ಆದ್ಳು. ಅಲ್ಲಿಗೆ ಆ ಹೆಸರು ಮುಗೀತು."

ಶೇಂಗಾ ಒಡೆಯುವುದನ್ನು ಬಿಟ್ಟು ಕೂತೆ. ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವುದು ನಮ್ಮ ಕಡೆ ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಒಂದು ದಿನ, ಅವ್ವಾ, ನಿನ್ನ ತವರಿನ ಹೆಸರೇನು ಎಂದು ಕೇಳಿದವಳಲ್ಲ. ಅವಳು ಸತ್ತಾಗ ಸರ್ಟಿಫಿಕೇಟಿನ ಅರ್ಜಿ ತುಂಬಿದವಳೂ ನಾನೇ. ಅಜ್ಜಿ ಇಟ್ಟ ಹೆಸರನ್ನು ದುಂಡಗೆ ಬರೆದು ಬಂದಿದ್ದೆ. ಮೂರು ತಿಂಗಳು ಯಾವ ಹೆಸರಿಗಾಗಿ ಹೊಡೆದಾಡಿದ್ದೆನೋ ಅದು ಅವಳ ಮೇಲೆ ಹೇರಿದ ಹೆಸರಾಗಿತ್ತು. ಯಾವುದನ್ನು ಬೇಡವೆಂದು ಕೂಗಾಡಿದ್ದೆನೋ ಅದೇ ಅವಳದಾಗಿತ್ತು. ಇಂಥ ದಡ್ಡತನಕ್ಕೆ ಏನು ಹೇಳಬೇಕು.

ಶಿಗ್ಲಿಯಿಂದ ನೆಟ್ಟಗೆ ಲಕ್ಷ್ಮೇಶ್ವರಕ್ಕೆ ಬಂದೆ. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಅವ್ವನ ಖರೆ ಹೆಸರು ನಿನಗ ಗೊತ್ತಿತ್ತೇನು?"

ಅಪ್ಪ ಅಡಕೊತ್ತು ಕೆಳಗಿಟ್ಟ. "ಲಗ್ನಪತ್ರಿಕೆಯೊಳಗ ಅದ ಹೆಸರಿತ್ತು" ಎಂದ.

"ಮತ್ತ ಮೂರು ತಿಂಗಳಿಂದ ಅಜ್ಜಿ ಹೆಸರು, ಅಜ್ಜಿ ಹೆಸರು ಅಂತ ನನ್ನ ತಲಿ ಯಾಕ ತಿಂದಿ? ನಿಮ್ಮವ್ವನ ಹೆಸರಿಡು ಅನ್ನಾಕ ಏನಾಗಿತ್ತು?"

"ನಿಮ್ಮವ್ವನ ಹೆಸರಂದ್ರ ನೀವು ಇನ್ನೊಂದ ಹಿಡೀತಿದ್ರಿ."

"ಹೆಸರನ್ನರ ಹೇಳಬೇಕಿತ್ತು."

"ನಮ್ಮವ್ವನ ಹೆಸರದು. ಅದನ್ನ ಬಾಯಾಗ ತಗೊಂಡವನಲ್ಲ ನಾ."

"ಬಿಡಿಸಿ ಹೇಳಬೇಕಿತ್ತು ಯಪ್ಪಾ. ಇಂಥಾದ್ದು ಆಗಿತ್ತು ಅಂತ."

ಅಪ್ಪ ಅಡಕೊತ್ತನ್ನು ಮತ್ತೆ ಕೈಗೆತ್ತಿಕೊಂಡ. "ಬಿಡಿಸಿ ಹೇಳಿದ್ರ ನಮ್ಮವ್ವ ಮಾಡಿದ್ದೂ ಹೇಳಬೇಕಾಗತಿತ್ತು" ಎಂದ.

ಚಹಾ ಕುಡಿದು ಹೋಗು ಎಂದು ತಮ್ಮ ಹಿಂದೆ ಬಂದ. ಬೇಡ ಎಂದೆ. ಬಸ್ಸಿನಲ್ಲಿ ಗದಗ ಮುಟ್ಟುವವರೆಗೂ ಅಪ್ಪನಿಗೆ ಮನಸ್ಸಿನಲ್ಲೇ ಬೈದೆ. ಸತ್ತ ತಾಯಿಯ ಮಾನ ಕಾಯಲು ಸತ್ತ ಹೆಂಡತಿಯ ಹೆಸರನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದನಲ್ಲ. ಈಗಲೂ ಅದನ್ನು ತಾಯಿಯ ಸೆರಗಿನ ಹಿಂದಿನಿಂದಲೇ ಕೇಳಿದ್ದನಲ್ಲ.

ಆ ವಾರವೆಲ್ಲ ಒಂದೇ ಸಂಕಟ. ಅವ್ವನ ನಿಜವಾದ ಹೆಸರಿಟ್ಟರೆ ಊರೆಲ್ಲ ಅದನ್ನು ಅಜ್ಜಿಯ ಹೆಸರು ಎನ್ನುತ್ತದೆ. ಎಲ್ಲರಿಗೂ ಗೊತ್ತಿರುವ ಹೆಸರಿಟ್ಟರೆ ಅಜ್ಜಿ ಅವ್ವನಿಗೆ ಮಾಡಿದ್ದಕ್ಕೆ ನಾನೂ ಕೈಜೋಡಿಸಿದಂತೆ. ಹೇಗೆ ನೋಡಿದರೂ ಅಜ್ಜಿಯದೇ ಮೇಲುಗೈ. ಸತ್ತು ಇಷ್ಟು ವರ್ಷವಾದರೂ ಆ ಹೆಣ್ಣುಮಗಳು ತುಪ್ಪದ ಡಬ್ಬಿ ಬಿಟ್ಟುಕೊಟ್ಟಿರಲಿಲ್ಲ.

ಮುಂಡರಗಿಯಲ್ಲಿ ತೊಟ್ಟಿಲ ಸುತ್ತ ಹೆಂಗಸರು ನೆರೆದರು. ನಾನು ಬಗ್ಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ ಅವ್ವನ ಹುಟ್ಟಿನ ಹೆಸರನ್ನು ಹೇಳಿ ವಾಡಿಕೆಯಂತೆ ಕುರ್ರ್ ಎಂದೆ. ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಉಳಿದವರು ಗುದ್ದುವುದು ಪದ್ಧತಿ. ಮೂರು ತಿಂಗಳ ನನ್ನ ಹಟದ ಸುದ್ದಿ ಎಲ್ಲರಿಗೂ ಮುಟ್ಟಿತ್ತೋ ಏನೋ, ಸರಿಯಾಗಿಯೇ ಗುದ್ದಿದರು. ತಮ್ಮನ ಅತ್ತೆ ನನ್ನ ಕೈ ಹಿಡಿದು, "ಅಂತೂ ನಿಮ್ಮಜ್ಜಿ ಹೆಸರು ಉಳಿಸಿದ್ರಿ, ಚಲೋ ಆತ್ರಿ" ಎಂದರು.

"ಅಜ್ಜೀದಲ್ಲರೀ, ನಮ್ಮವ್ವಂದು. ಹುಟ್ಟಿದಾಗ ಇಟ್ಟಿದ್ದು" ಎಂದು ಹೇಳಲು ಹೋದೆ.

"ಹೌದ್ರಿ ಹೌದ್ರಿ, ಹಿರೇರೆಲ್ಲಾ ಒಂದ. ಆ ಗುಗ್ಗರಿ ಬುಟ್ಟಿ ಇತ್ತಾಗ ಸರಸ್ರಿ."

ಮತ್ತಿಬ್ಬರಿಗೆ ಹೇಳಿ ನೋಡಿದೆ. ಯಾರಿಗೂ ಕೇಳುವ ಪುರುಸೊತ್ತಿರಲಿಲ್ಲ. ಸಾಕಾಗಿ ತೊಟ್ಟಿಲ ಹತ್ತಿರ ಬಂದು ಗೋಡೆಗೆ ಒರಗಿ ಕೂತೆ.

ಹೆಂಗಸರು ಊಟಕ್ಕೆ ಎದ್ದ ಮೇಲೆ ಅಪ್ಪ ಒಳಗೆ ಬಂದ. ತೊಟ್ಟಿಲ ಹಗ್ಗ ಹಿಡಿದು ಬಗ್ಗಿ, ಹೆಸರು ಹಿಡಿದು ಕರೆದ. ಎಪ್ಪತ್ತು ದಾಟಿದ ಆ ಬಾಯಿಗೆ ಆ ಹೆಸರು ಹೊಸದು, ಮೊದಲ ಸಲ ಅರ್ಧಕ್ಕೇ ನಿಂತಿತು. ಎರಡನೆಯ ಸಲ ಪೂರ್ತಿ ಕರೆದ.

"ಮಲಗೈತಿ ಕೂಸು, ಎಬ್ಬಿಸಬ್ಯಾಡ" ಎಂದೆ.

"ಕೂಸಿಗಲ್ಲ" ಎಂದ.

ನನ್ನ ಸಿಟ್ಟು ಇಳಿದಿರಲಿಲ್ಲ. "ಅಕಿ ಇದ್ದಾಗ ಕರೀಬೇಕಿತ್ತು ಯಪ್ಪಾ. ಬಾಗಲಾ ಹಾಕ್ಕೊಂಡಾದ್ರೂ ಒಂದು ಸಲ ಕರೀಬೇಕಿತ್ತು."

"ಕರೀಬೇಕಿತ್ತು" ಎಂದ ಅಪ್ಪ. ಹಗ್ಗ ಬಿಟ್ಟು ನನ್ನ ಪಕ್ಕದಲ್ಲಿ ನೆಲಕ್ಕೆ ಕೂತ.