ದಸ್ತರಖಾನದ ಮೇಲೆ ಖಡಕ್ ರೊಟ್ಟಿ

ಸಿಂಧನೂರಿನ ಆ ಮದರಸಾಕ್ಕೆ ಹೊಸ ಹುಡುಗಿ ಬಂದರೆ ಮೊದಲು ರಾಜಾಬೀ ಖಾಲಾನ ಕೈಗೆ ಒಪ್ಪಿಸುತ್ತಿದ್ದರು. ಅಲ್ಲೇ ಉಳಿದು ಓದುವ ಮಕ್ಕಳನ್ನು ನೋಡಿಕೊಳ್ಳುವುದೇ ಆಕೆಯ ಕೆಲಸ. ಅತ್ತು ಕರೆದು ಊರಿಗೆ ವಾಪಸ್ ಹೋದವಳು ತನ್ನ ಕಾಲದಾಗ ಒಬ್ಬಳೂ ಇಲ್ಲ ಅಂತ ಆಕೆಗೆ ಭಾಳ ಹೆಮ್ಮೆ. ಹೆಂಗ ಅಂತ ಕೇಳಿದರೆ, ಮನೀ ನೆನಪು ಬೇರುಸಹಿತ ಕೀಳಬೇಕು ಅನ್ನುತ್ತಿದ್ದಳು.

ಗುರುಗುಂಟಾದಿಂದ ಬಂದ ಮಾಹಿರಾ ಅಳಲಿಲ್ಲ, ಆದರೆ ಅನ್ನ ಮುಟ್ಟಲಿಲ್ಲ. ಕಾಲುವೆ ಸೀಮೆಯ ಊಟ ಜೋಳದ ನೆಲದ ಹುಡುಗಿಗೆ ಗಂಟಲಲ್ಲಿ ಇಳಿಯದು. ಟ್ರಂಕಿನಲ್ಲಿ ತಾಯಿ ಬಡಿದು ಕಟ್ಟಿಕೊಟ್ಟ ಖಡಕ್ ರೊಟ್ಟಿ ಗಂಟಿತ್ತು. ಅದನ್ನೇ ಮರೆಯಲ್ಲಿ ಮುರಿದು ತಿನ್ನುತ್ತಿದ್ದಳು.

ಮನೆಯಿಂದ ಬಂದ ತಿನಿಸೆಲ್ಲ ದಸ್ತರಖಾನಕ್ಕೆ, ಎಲ್ಲರೂ ಸುತ್ತ ಕೂತು ಉಣ್ಣುವ ಬಟ್ಟೆಯ ಮೇಲಕ್ಕೆ, ಬರಬೇಕು ಅನ್ನೋದು ಅಲ್ಲಿಯ ರಿವಾಜು. ಮಕ್ಕಳು ಹಂಚಿ ತಿನ್ನಲಿ ಅಂತ ಮಾಡಿದ್ದು. ರಾಜಾಬೀ ಅದನ್ನೇ ಬಡಿಗೆ ಮಾಡಿಕೊಂಡಳು. ಒಂದು ದಿನ ಊಟದ ಹೊತ್ತಿಗೆ ಮಾಹಿರಾಳ ಗಂಟನ್ನು ತರಿಸಿ ನಡುವೆ ಬಿಚ್ಚಿ, ಒಂದು ರೊಟ್ಟಿ ಎತ್ತಿ ಹಿಡಿದು, "ಏನ ಬೇ ಇದು, ಮನೀ ಮ್ಯಾಲಿನ ತಗಡು ಕಿತ್ಕೊಂಡು ಬಂದೀಯೇನು?" ಅಂದಳು.

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಮಾಹಿರಾ ಸುಮ್ಮನೆ ಅನ್ನ ಉಂಡಳು. ನೋಡ್ರಿ, ಹೊಂದಿಕೊಂಡಳು ಅಂತ ರಾಜಾಬೀ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದಳು. ಮಠದ ಹಾಸ್ಟೆಲ್ ಇರಲಿ, ಮದರಸಾ ಇರಲಿ, ಮಗುವಿನ ಬಾಯಿ ಮುಚ್ಚಿಸಿದ್ದಕ್ಕೆ ನಾವು ಇಡೋ ಹೆಸರು ಇದೇ.

ಭೇಟಿಯ ದಿನ ತಾಯಿ ಹಸೀನಾಬೀ ಲಿಂಗಸುಗೂರು, ಮಸ್ಕಿ ದಾಟಿಕೊಂಡು ಬಸ್ಸಿನಲ್ಲಿ ಬಂದಳು. ತೊಡೆಯ ಮೇಲೆ ಹೊಸ ರೊಟ್ಟಿ ಗಂಟು. ಮಗಳು ಅದನ್ನು ಆಚೆ ಸರಿಸಿದಳು.

"ಇವನ್ನ ತರಬ್ಯಾಡಮ್ಮಾ. ಇಲ್ಲೆ ನಗ್ತಾರ."

ಹಸೀನಾಬೀ ಹಂಚಿನ ಬಿಸಿಗೆ ಸುಟ್ಟ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹೊರಡುವಾಗ ರಾಜಾಬೀಗೆ ಸಲಾಂ ಮಾಡಿ, ಮಗಳಿಗೆ ಚಲೋ ನಡತಿ ಕಲಿಸೀರಿ ಆಪಾ ಅಂದಳು. ಅದರ ಬದಲು ಬೈದಿದ್ದರೆ ರಾಜಾಬೀ ತಡಕೊಳ್ಳುತ್ತಿದ್ದಳು.

ಯಾಕಂದರೆ ರಾಜಾಬೀಯೂ ಲಿಂಗಸುಗೂರಿನಲ್ಲಿ ರೊಟ್ಟಿ ಬಡಿದು ಮಾರುತ್ತಿದ್ದವಳ ಮಗಳು. ಮದರಸಾದಲ್ಲಿ ಯಾರ ಮುಂದೆಯೂ ಅದನ್ನು ಬಾಯಿ ಬಿಟ್ಟಿರಲಿಲ್ಲ. ಮಗಳು ಬ್ಯಾಡ ಅಂದ ಗಂಟನ್ನು ಹಸೀನಾಬೀ ಕಡೆಯಿಂದ ತಾನೇ ಕೇಳಿ ಇಸಕೊಂಡಳು.

ಊಟದ ಹೊತ್ತಿಗೆ ದಸ್ತರಖಾನದ ನಡುವೆ ಕೂತು ರೊಟ್ಟಿ ಮುರಿದಳು. ಪಟಕ್ಕನೆ ಸಪ್ಪಳವಾಯಿತು.

"ನಮ್ಮಮ್ಮ ಇದನ್ನ ಮಾರಿ ನನ್ನ ಸಾಕ್ಯಾಳ," ಅಂದವಳೇ ಒಂದು ತುಂಡನ್ನು ಮಾಹಿರಾಳ ಮುಂದೆ ಹಿಡಿದಳು.

ಮಾಹಿರಾ ಅತ್ತಿತ್ತ ನೋಡಿದಳು. ಆಮೇಲೆ ಎಲ್ಲರಿಗಿಂತ ಮೊದಲು ತಾನೇ ನಕ್ಕು, "ತಗಡು," ಅಂದಳು.

ಚಾಚಿದ ಕೈಯನ್ನು ಹಿಂದಕ್ಕೆ ತಗೊಳ್ಳಲಾರದೆ ರಾಜಾಬೀ ತಲೆ ತಗ್ಗಿಸಿ ಕೂತೇ ಇದ್ದಳು.