ಹನ್ನೊಂದು ಸಲ ಹೊಡೆದವಳು

ಆಯಮ್ಮನನ್ನು ಆಫೀಸು ರೂಮಿಗೆ ಕರೆದರು ಅಂದರೆ ಎರಡೇ ಕಾರಣ ಇರುತ್ತಿತ್ತು. ಒಂದು, ಹೊಸ ಮಗು ಬಂದಿದೆ, ಎತ್ತಿಕೊಂಡು ಹೋಗಿ ಅನ್ನುವುದು. ಇನ್ನೊಂದು, ಬೀರುವಿನ ಬಾಗಿಲು ಕಚ್ಚಿಕೊಂಡಿದೆ, ಬಂದು ಸ್ವಲ್ಪ ಭುಜ ಕೊಡಿ ಅನ್ನುವುದು. ಹತ್ತೊಂಬತ್ತು ವರ್ಷದಲ್ಲಿ ಮೂರನೆಯ ಕಾರಣಕ್ಕೆ ಅವಳು ಆ ಹೊಸ್ತಿಲು ದಾಟಿದ್ದೇ ಇಲ್ಲ. ಹಾಗಾಗಿ ಆ ಮಂಗಳವಾರ ಮೇಡಂ ಹೇಳಿ ಕಳಿಸಿದಾಗ, ಒದ್ದೆ ಕೈಯನ್ನು ಟವೆಲ್ಲಿಗೆ ಒರೆಸಿಕೊಳ್ಳುತ್ತಾ, ಯಾವ ಮಗುವೋ ಏನೋ ಅಂದುಕೊಂಡೇ ಹೋದಳು.

ಮಗು ಇರಲಿಲ್ಲ. ಮೇಡಂ ಒಬ್ಬರೇ ಇದ್ದರು, ಮೇಜಿನ ಮೇಲೆ ಒಂದು ಕಾಗದ ಇತ್ತು. ಬಾಗಿಲು ಹಾಕಿಕೊಂಡು ಬನ್ನಿ ಅಂದರು.

“ಆಯಮ್ಮ, ನೀವು ಮಕ್ಕಳಿಗೆ ಹೊಡೀತೀರಾ?”

ಕೇಳಿಸಿತು, ಆದರೆ ಒಳಗೆ ಇಳಿಯಲಿಲ್ಲ. ಯಾರು, ಅಂತ ಕೇಳಿದಳು. ನೀವೇ, ಅಂದರು ಮೇಡಂ. ಆಯಮ್ಮ ತಿರುಗಿ ತನ್ನ ಹಿಂದೆ ಯಾರಾದರೂ ನಿಂತಿದ್ದಾರಾ ಅಂತ ನೋಡಿದಳಂತೆ. ಹಿಂದೆ ಇದ್ದದ್ದು ಮುಚ್ಚಿದ ಬಾಗಿಲು.

ಆ ಕಾಗದ ದೂರದ ದೇಶದಿಂದ ಬಂದದ್ದು. ಎರಡು ತಿಂಗಳ ಹಿಂದೆ ಇಲ್ಲಿಗೆ ಸೇವೆಗೆ ಅಂತ ಬಂದಿದ್ದ ಓದುವ ಹುಡುಗಿಯನ್ನು ಕಳಿಸಿಕೊಟ್ಟ ಸಂಸ್ಥೆಯವರು ಬರೆದದ್ದು. ನಿಮ್ಮ ಮನೆಯ ಆಯಾ ಆರು ವಾರದಲ್ಲಿ ಹನ್ನೊಂದು ಸಲ ಮಕ್ಕಳಿಗೆ ಹೊಡೆದಿದ್ದಾಳೆ, ತಾರೀಕು ಸಮೇತ ನಮ್ಮ ಹುಡುಗಿ ಬರೆದಿದ್ದಾಳೆ, ಗುರುವಾರ ನಮ್ಮವರೊಬ್ಬರು ಬಂದು ವಿಚಾರಿಸುತ್ತಾರೆ ಅಂತ ಅದರಲ್ಲಿತ್ತು. ಅಲ್ಲಿಯವರೆಗೆ ಮಕ್ಕಳನ್ನು ಮುಟ್ಟಬೇಡಿ ಅಂದರು ಮೇಡಂ. ನಿಜ ಅಂತ ಆದರೆ ಏನಾಗುತ್ತದೆ ಅಂತ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮಕ್ಕಳ ಮೇಲೆ ಕೈ ಮಾಡಿದವರಿಗೆ ಇಲ್ಲಿ ಜಾಗವಿಲ್ಲ ಅಂತ ಮೊಗಸಾಲೆಯ ಗೋಡೆಯ ಮೇಲೆ ಬೋರ್ಡು ಇತ್ತು. ಅದರ ಧೂಳು ಒರೆಸುತ್ತಿದ್ದವಳು ಆಯಮ್ಮನೇ.

ಅದು ಮೇಡಂ ನಡೆಸುತ್ತಿದ್ದ, ಕಾಲು ಬಾರದ ಮಕ್ಕಳ ಮನೆ. ಹದಿನೇಳು ಮಕ್ಕಳು, ಹದಿನೇಳು ಮಂಚ, ಉದ್ದಕ್ಕೆ ಒಂದೇ ಕೋಣೆ. ಮೂರನೇ ಕ್ಲಾಸಿಗೆ ಓದು ಬಿಟ್ಟು, ಮದುವೆಯಾಗಿ, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತು, ಗಂಡ ಹೋದ ಮೇಲೆ ಒಬ್ಬಳೇ ಮಗಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದಾಗ ಅವಳಿಗೆ ಮೂವತ್ತನಾಲ್ಕು. ಇಟ್ಟಿಗೆ ಹೊತ್ತ ತೋಳು ಇಲ್ಲಿ ಕೆಲಸಕ್ಕೆ ಬಂತು. ಕತ್ತಿನ ಕೆಳಗೆ ಒಂದು ಕೈ, ಮಂಡಿಯ ಕೆಳಗೆ ಒಂದು ಕೈ, ಮಗು ಉಸಿರು ಬಿಡುವಾಗ ಎತ್ತಬೇಕು, ಹಿಡಿದುಕೊಂಡಾಗ ಅಲ್ಲ. ಇದನ್ನು ಯಾರೂ ಅವಳಿಗೆ ಕಲಿಸಿದ್ದಲ್ಲ. ಕೆಮ್ಮು ಕೇಳಿಯೇ ಯಾವ ಮಂಚ ಅಂತ ಹೇಳುತ್ತಿದ್ದಳು. ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದಿತ್ತು ಅಷ್ಟೆ, ಬಾಯಲ್ಲಿ ಎಲ್ಲರಿಗೂ ಆಯಮ್ಮ.

ಬಂದ ಹುಡುಗಿಗೆ ಹತ್ತೊಂಬತ್ತು ವರ್ಷ. ಮುಖದ ತುಂಬಾ ಕಂದು ಚುಕ್ಕಿ. ಮಕ್ಕಳು ಮೊದಲನೇ ದಿನವೇ ಚುಕ್ಕಿ ಅಕ್ಕ ಅಂತ ಹೆಸರಿಟ್ಟರು. ಅವರ ಕಡೆ ಕಾಲೇಜಿನ ಮಧ್ಯೆ ಒಂದು ವರ್ಷ ಬೇರೆಯವರ ನಾಡಿಗೆ ಹೋಗಿ, ಅಲ್ಲಿಯವರ ಜೊತೆ ಕೈಜೋಡಿಸಿ, ಅವರ ಮಾತು ಕಲಿತು ಬರಬೇಕಂತೆ, ಅದೂ ಓದಿನಲ್ಲೇ ಸೇರಿದ್ದಂತೆ. ಚುಕ್ಕಿಯ ಜೇಬಿನಲ್ಲಿ ಸದಾ ಒಂದು ಪುಟ್ಟ ಪುಸ್ತಕ. ಕೇಳಿದ ಮಾತನ್ನೆಲ್ಲ ಅದರಲ್ಲಿ ಬರೆದುಕೊಂಡು, ಶುಕ್ರವಾರ ಶುಕ್ರವಾರ ತನ್ನ ಸಂಸ್ಥೆಗೆ ಕಾಗದ ಹಾಕಬೇಕು. ಅವಳ ಕನ್ನಡ ಕೇಳಿದರೆ ನಗು ತಡೆಯಲು ಆಗುತ್ತಿರಲಿಲ್ಲ. ಮೇಡಂ ಬಂದರೆ “ಬಾ, ಕೂತ್ಕೋ” ಅನ್ನುತ್ತಿದ್ದಳು. ಅಡುಗೆಮನೆಯ ಬೆಕ್ಕಿಗೆ “ತಾವು ಹಾಲು ಕುಡಿದಿರಾ?” ಅಂತ ಕೇಳುತ್ತಿದ್ದಳು. ಈ ಬೆಕ್ಕಿಗೆ ಸಿಕ್ಕ ಮರ್ಯಾದೆ ನನಗೆ ಅತ್ತೆಮನೆಯಲ್ಲೂ ಸಿಗಲಿಲ್ಲ ಅಂತ ಅಡುಗೆಯವಳು ಗೊಣಗುತ್ತಿದ್ದಳು. ಆಯಮ್ಮನಿಗೆ ಅವಳ ಮೇಲೆ ಪ್ರಾಣ. ಎತ್ತುವುದು, ಮಗ್ಗುಲು ಬದಲಿಸುವುದು, ಬೆನ್ನು ಒರೆಸುವುದು, ಎಲ್ಲವನ್ನೂ ಮಾತಿಗಿಂತ ಕೈಯಿಂದಲೇ ತೋರಿಸಿ ಕಲಿಸಿದ್ದಳು.

ಆ ಹುಡುಗಿ ಬರೆದಳು ಅನ್ನುವುದೇ ಆಯಮ್ಮನಿಗೆ ಅರಗಲಿಲ್ಲ. ಸಿಟ್ಟು ಕೂಡ ಬರಲಿಲ್ಲ, ಬಂದಿದ್ದರೆ ಎಷ್ಟೋ ವಾಸಿಯಿತ್ತು. ಮನೆಗೆ ಹೋಗಿ ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯಿತು. ಮಗಳು, ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವವಳು, ವಿಷಯ ತಿಳಿದು ಉರಿದುಬಿದ್ದಳು. ಆ ಹುಡುಗಿಗೆ ಸರಿಯಾಗಿ ಬಾಯಿ ಮಾಡಮ್ಮ, ನಾನೂ ಬರ್ತೀನಿ ಅಂದಳು. ಆಯಮ್ಮ ಬೇಡ ಅಂದಳು. ಹನ್ನೊಂದು ಸಲ ಅಂತ ಲೆಕ್ಕ ಇಟ್ಟಿದ್ದಾಳಲ್ಲ ಮಗು, ಏನನ್ನೋ ಕಂಡಿರಬೇಕು, ಏನನ್ನು ಕಂಡಳು ಅಂತ ನನಗೂ ಗೊತ್ತಾಗಬೇಕು ಅಂದಳು.

ಬುಧವಾರ ಇಡೀ ದಿನ ಉಗ್ರಾಣದಲ್ಲಿ ಬಟ್ಟೆ ಮಡಿಚಿದಳು. ಎದುರು ಸಿಕ್ಕರೆ ಚುಕ್ಕಿಯೇ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದಳು. ಮಧ್ಯಾಹ್ನ ಟವೆಲ್ಲು ತೆಗೆಯಲು ಆಯಮ್ಮ ಮಕ್ಕಳ ಕೋಣೆಗೆ ಬಂದಳು. ಟವೆಲ್ಲಿನ ಗೂಟದ ಕೆಳಗೇ ಸಾಹುಕಾರನ ಗಾಲಿ ಕುರ್ಚಿ. ಸಾಹುಕಾರ ಅಂದರೆ ಒಂಬತ್ತು ವರ್ಷದ ಹುಡುಗ. ನಡೆಯಲಾರ, ಮಾತೂ ಇಲ್ಲ, ಆದರೆ ಬೇಕಾದ್ದು ಕೂತಲ್ಲಿಗೇ ಬರಬೇಕು, ತಡವಾದರೆ ಹುಬ್ಬು ಗಂಟು ಹಾಕುತ್ತಾನೆ, ಅದಕ್ಕೇ ಆ ಹೆಸರು. ಆಯಮ್ಮ ಗೂಟಕ್ಕೆ ಕೈ ಎತ್ತಿದಳು. ಸಾಹುಕಾರ ಚಕ್ಕನೆ ಮೊಣಕೈ ಎತ್ತಿ ತಲೆಗೆ ಅಡ್ಡ ಹಿಡಿದುಕೊಂಡ. ಇದ್ಯಾವ ಹೊಸ ಆಟವೋ ನಿಂದು, ಅಂತ ನಕ್ಕು ಟವೆಲ್ಲು ಎಳೆದುಕೊಂಡು ಹೋದಳು.

ಗುರುವಾರ ಹತ್ತೂವರೆಗೆ ಸಂಸ್ಥೆಯ ಹೆಂಗಸು ಬಂದಳು. ಬಿಳಿಗೂದಲು, ಸಣ್ಣ ದನಿ, ಯಾರ ಮೇಲೂ ರೇಗುವವಳ ಹಾಗೆ ಕಾಣಲಿಲ್ಲ. ಆಫೀಸು ರೂಮಿನಲ್ಲಿ ನಾಲ್ಕು ಕುರ್ಚಿ ಹಾಕಿದ್ದರು. ಚುಕ್ಕಿ ತನ್ನ ಪುಟ್ಟ ಪುಸ್ತಕವನ್ನು ಮೇಜಿನ ಮೇಲೆ ಇಟ್ಟಳು. ಪ್ರತಿ ತಾರೀಕಿನ ಮುಂದೆ, ಆಯಮ್ಮ ಆಡಿದ ಮಾತನ್ನು ಕೇಳಿದ ಹಾಗೇ, ತನ್ನ ಭಾಷೆಯ ಅಕ್ಷರದಲ್ಲಿ ಬರೆದಿದ್ದಳು. ಹೊಡೆ ಅಂದರೆ ಏಟು ಕೊಡುವುದು ಅಂತ ಅವಳು ತಂದಿದ್ದ ನಿಘಂಟಿನಲ್ಲಿತ್ತು. ಮೇಡಂ ಒಂದೊಂದನ್ನೇ ಗಟ್ಟಿಯಾಗಿ ಓದಿ, ಬಂದ ಹೆಂಗಸಿಗೆ ಅವಳ ಮಾತಿನಲ್ಲಿ ಹೇಳುವುದು ಅಂತ ಆಯಿತು.

ಮೊದಲನೆಯದು ಓದಿದರು. ಎಲ್ಲರಿಗೂ ಪೌಡರ್ ಹೊಡೆದು ಬಂದೆ.

ಮೇಡಂ ಅಲ್ಲೇ ನಿಂತರು. ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡರು. ಎರಡನೆಯದಕ್ಕೆ ಹೋದರು. ಸಾಹುಕಾರನ ಗಾಡಿಗೆ ಗಾಳಿ ಹೊಡೀಬೇಕು. ಮೂರನೆಯದು, ಮಕ್ಕಳೆಲ್ಲ ಒಳ್ಳೆ ನಿದ್ದೆ ಹೊಡೀತಾ ಇದಾವೆ. ನಾಲ್ಕನೆಯದು, ಇವನ ಮುಖಕ್ಕೆ ಬಿಸಿಲು ಹೊಡೀತಿದೆ, ಪರದೆ ಎಳಿ. ಐದನೆಯದಕ್ಕೆ ಮೇಡಂ ಗಂಟಲಲ್ಲೇ ಏನೋ ಸಿಕ್ಕಿಕೊಂಡ ಹಾಗೆ ಮಾಡಿ ಕರವಸ್ತ್ರ ತೆಗೆದರು, ಯಾಕೆಂದರೆ ಅದು ಯಾರದೋ ಚಡ್ಡಿ ನಾತ ಹೊಡೆಯುವ ವಿಷಯ. ಆರು, ಸೊಳ್ಳೆ ಔಷಧಿ. ಏಳು, ಗೊರಕೆ. ಎಂಟು, ಅಡುಗೆಯವಳ ಜೊತೆ ಹರಟೆ.

ಬಂದ ಹೆಂಗಸಿಗೆ ಮೇಡಂ ಬಿಡಿಸಿ ಹೇಳಿದರು. ಗಾಳಿ, ನಿದ್ದೆ, ಬಿಸಿಲು, ನಾತ, ಎಲ್ಲವೂ ಇವರ ಬಾಯಲ್ಲಿ ಹೊಡೆಯುತ್ತವೆ ಅಂತ ತಿಳಿದು ಆ ಹೆಂಗಸು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಚುಕ್ಕಿಯ ಮುಖ ಕೆಂಪಾಗಿ ಚುಕ್ಕಿಗಳೇ ಕಾಣದಾದವು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಆಯಮ್ಮನನ್ನು ನೋಡುತ್ತಾ, ತಪ್ಪು, ನನ್ನ ತಪ್ಪು ಅಂತ ಹೇಳುತ್ತಲೇ ಇದ್ದಳು. ಆಯಮ್ಮನಿಗೂ ನಗು ಬಂತು. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿಹೋದ ಹಾಗಾಗಿ, ಅಯ್ಯೋ ಹುಚ್ಚು ಕೂಸೇ, ಬಾಯಿ ಬಿಟ್ಟು ಒಂದು ಮಾತು ಕೇಳಬಾರದಿತ್ತಾ ಅಂದಳು.

ಇನ್ನು ಮೂರು ಉಳಿದಿದ್ದವು. ಮೇಡಂ ನಗುತ್ತಲೇ ಒಂಬತ್ತನೆಯದನ್ನು ಓದಿದರು.

ಸಾಹುಕಾರನ ಕೈಗೆ ಎರಡು ಹೊಡೆದೆ, ಈಗ ತೆಪ್ಪಗಿದಾನೆ.

ಇದೂ ಅಂಥದೇ ಇರಬೇಕು, ಪೌಡರೋ ಮುಲಾಮೋ ಅನ್ನುತ್ತಾ ಮೇಡಂ ಪುಟ ತಿರುಗಿಸಿದರು. ಬಂದ ಹೆಂಗಸು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದಳು. ಆಯಮ್ಮನ ನಗು ಮುಖದ ಮೇಲೆ ಇದ್ದ ಹಾಗೇ ಉಳಿದು ತಣ್ಣಗಾಯಿತು. ಗೂಟದ ಕೆಳಗೆ ಚಕ್ಕನೆ ಎದ್ದ ಆ ಪುಟ್ಟ ಮೊಣಕೈ ಕಣ್ಣ ಮುಂದೆ ಬಂತು. ಅದು ಆಟ ಆಗಿರಲಿಲ್ಲ.

“ಮೇಡಮ್ಮಾ, ಅದು ಅಂಥದಲ್ಲ,” ಅಂದಳು. “ಅದು ಹೊಡೆದದ್ದೇ.”

ಆಯಮ್ಮ ತನ್ನ ಬಲಗೈಯನ್ನು ಮೇಜಿನ ಮೇಲೆ, ತನ್ನದಲ್ಲವೇನೋ ಅನ್ನುವ ಹಾಗೆ ಇಟ್ಟುಕೊಂಡು ಹೇಳಿದಳು. ಪಕ್ಕದ ಮಂಚದ ಪುಟ್ಟಿಯ ಜುಟ್ಟನ್ನು ಸಾಹುಕಾರ ಮುಷ್ಟಿಯಲ್ಲಿ ಹಿಡಿದಿದ್ದ, ಪುಟ್ಟಿ ಕಿರುಚುತ್ತಿದ್ದಳು, ಬೆರಳು ಬಿಡಿಸಿದರೂ ಬಿಡಲಿಲ್ಲ.

“ಒಂದು ಏಟು ಜುಟ್ಟು ಬಿಡಿಸೋಕೆ. ಬಿಟ್ಟ. ಆಮೇಲೆ ಇನ್ನೊಂದು ಕೊಟ್ಟೆ. ಅದು ಯಾತಕ್ಕೂ ಅಲ್ಲ, ನನ್ನ ಸಿಟ್ಟಿಗೆ.”

ಹೇಳಿದ ಮೇಲೆ ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ಅವಳೇ. ಮಂಗಳವಾರ ಇದೇ ರೂಮಿನಲ್ಲಿ, ಯಾರು ನಾನಾ, ಅಂತ ಹಿಂದೆ ತಿರುಗಿ ನೋಡಿದ್ದಳಲ್ಲ, ಆಗ ಅವಳು ಸುಳ್ಳು ಆಡಿರಲಿಲ್ಲ. ಹೊಡೆದದ್ದು ನೆನಪಿನಲ್ಲೇ ಇರಲಿಲ್ಲ. ಹೊಡೆದ ಕ್ಷಣವೇ ಅಡುಗೆಮನೆಗೆ ಹೋಗಿ, ಗಾಳಿ ಹೊಡೆದೆ ಅಂದ ಹಾಗೆ, ಪೌಡರ್ ಹೊಡೆದೆ ಅಂದ ಹಾಗೆ, ಗಟ್ಟಿಯಾಗಿ ಹೇಳಿ ಮರೆತಿದ್ದಳು. ಅಷ್ಟು ಹೊಡೆತದ ನಡುವೆ ಒಂದು ನಿಜವಾದ ಏಟು ಸುಮ್ಮನೆ ಕೂತುಬಿಟ್ಟಿತ್ತು. ಆ ಹುಡುಗಿಗೆ ನಮ್ಮ ಮಾತು ಚೆನ್ನಾಗಿ ಬಂದಿದ್ದರೆ ಅದೂ ಉಳಿದವರ ಕಿವಿಗೆ ಬಿದ್ದ ಹಾಗೇ ಅವಳ ಕಿವಿಗೂ ಬಿದ್ದು ಹೋಗುತ್ತಿತ್ತು.

ಕೊನೆಯ ಎರಡನ್ನು ಯಾರೂ ಓದಲಿಲ್ಲ. ಆಯಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಚುಕ್ಕಿ ಅಳುತ್ತಾ ಜೋರಾಗಿ ಏನೋ ವಾದ ಮಾಡುವುದು ಕೇಳುತ್ತಿತ್ತು. ತನ್ನ ಪರವೋ ವಿರೋಧವೋ ಅಂತ ಆಯಮ್ಮನಿಗೆ ತಿಳಿಯಲಿಲ್ಲ, ತಿಳಿಯಬೇಕು ಅಂತಲೂ ಅನ್ನಿಸಲಿಲ್ಲ. ಅವಳ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಹತ್ತೊಂಬತ್ತು ವರ್ಷದಲ್ಲಿ ಇಂಥವು ಎಷ್ಟಿದ್ದವು, ಬರೆದುಕೊಳ್ಳುವವರು ಯಾರೂ ಇಲ್ಲದೆ? ತನ್ನ ಮಗಳಿಗೆ ಎಷ್ಟು? ಲೆಕ್ಕ ಹಾಕಲು ಹೋದಳು. ಸಿಗಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಮೇಡಂ ಬಂದು ಪಕ್ಕದಲ್ಲೇ ಕೂತರು. ಬೋರ್ಡಿನ ಪ್ರಕಾರ ನಿಮ್ಮನ್ನು ಇವತ್ತೇ ಕಳಿಸಬೇಕು ಅಂದರು. ನೀವು ಬಾಯಿ ಮುಚ್ಚಿಕೊಂಡಿದ್ದರೆ ನಾನು ಪುಟ ತಿರುಗಿಸಿ ಆಗಿತ್ತಲ್ಲ, ಅದನ್ನೂ ಮರೆಯೋಕೆ ಆಗ್ತಿಲ್ಲ ಅಂದರು. ಕೊನೆಗೆ ತೀರ್ಮಾನ ಆದದ್ದು ಇಷ್ಟು. ಮೂರು ತಿಂಗಳು ಬಟ್ಟೆ ಒಗೆಯುವ ಕಡೆ ಕೆಲಸ. ಮಕ್ಕಳ ಕೋಣೆಯ ಹೊಸ್ತಿಲು ದಾಟುವ ಹಾಗಿಲ್ಲ, ಯಾವ ಮಗುವನ್ನೂ ಮುಟ್ಟುವ ಹಾಗಿಲ್ಲ. ಆಮೇಲೆ ನೋಡೋಣ. ಆಯಮ್ಮ ಹೂಂ ಅಂದಳು. ಮನೆಯಲ್ಲಿ ಮಗಳು ಹಣೆ ಚಚ್ಚಿಕೊಂಡಳು. ಬಚಾವಾಗಿ ಹೊರಗೆ ಬಂದವಳು ತಾನಾಗೇ ತಿರುಗಿ ಒಳಗೆ ಹೋದೆಯಲ್ಲಮ್ಮ, ನಿನ್ನಂಥವಳನ್ನು ನಾನು ಕಂಡಿಲ್ಲ ಅಂದಳು. ಆಯಮ್ಮ ಅವಳ ಮುಖವನ್ನೇ ನೋಡುತ್ತಾ, ನಿನಗೆ ಚಿಕ್ಕವಳಿದ್ದಾಗ ನಾನು ಕೈ ಎತ್ತಿದರೆ ಹೆದರಿಕೆ ಆಗ್ತಿತ್ತೇನೇ ಅಂತ ಕೇಳಿದಳು. ಮಗಳು ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಶನಿವಾರ ಬೆಳಗ್ಗೆ ಸಾಹುಕಾರನ ಸ್ನಾನ ಚುಕ್ಕಿಯ ಪಾಲಿಗೆ ಬಂತು. ಒಬ್ಬಳೇ ಎತ್ತಲು ಹೋದಾಗ ಅವನು ಬಿಲ್ಲಿನ ಹಾಗೆ ಸೆಟೆದುಕೊಂಡ. ಚುಕ್ಕಿ ಬಟ್ಟೆ ಒಗೆಯುವ ಕಡೆಗೆ ಓಡಿ ಬಂದಳು. “ಆಯಮ್ಮ, ನೀವು ಹೇಳಿ, ನಾನು ಮಾಡ್ತೀನಿ,” ಅಂದಳು. ಹೊಸ್ತಿಲ ಆಚೆ ನಿಂತು ಹೇಳಬಹುದು ಅಂದರು ಮೇಡಂ.

ಆಯಮ್ಮ ಹೊಸ್ತಿಲಿಗೆ ಬಂದು ನಿಂತಳು. ಇಷ್ಟು ವರ್ಷ ಕೈ ಮಾಡಿದ್ದನ್ನು ಬಾಯಿ ಹೇಳಬೇಕಾಗಿತ್ತು, ಒಂದೊಂದು ಮಾತಿಗೂ ತಡವರಿಸುತ್ತಿದ್ದಳು. ಕತ್ತಿನ ಕೆಳಗೆ ಕೈ ಇಡು. ಈಗಲೇ ಎತ್ತಬೇಡ. ಅವನು ಉಸಿರು ಬಿಡಲಿ. ಬಿಟ್ಟನಾ? ಈಗ. ಚುಕ್ಕಿ ಎತ್ತಿ ಕೋಣೆಯ ಮೂಲೆಯ ಬಚ್ಚಲಲ್ಲಿ ಕೂರಿಸಿದಳು. ನೀರು ಮೊದಲು ಪಾದಕ್ಕೆ, ಆಮೇಲೆ ಮಂಡಿಗೆ. ತಲೆಗೆ ಅಂದಾಗ ಚುಕ್ಕಿ ಚೊಂಬು ಎತ್ತಿದಳು, ಸಾಹುಕಾರನ ಮೊಣಕೈ ಮತ್ತೆ ಮೇಲೆದ್ದಿತು.

ತಾಳು, ಅಂದಳು ಆಯಮ್ಮ. ಚೊಂಬು ಕೆಳಗಿಡು. ಮೊದಲು ಅವನಿಗೆ ಕೈ ತೋರಿಸು, ಬರೀ ಕೈ. ನೋಡಲಿ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಲಿ.

ಚುಕ್ಕಿ ಅಂಗೈ ಬಿಚ್ಚಿ ಅವನ ಮುಂದೆ ಹಿಡಿದಳು. ಸಾಹುಕಾರ ಆ ಕೈಯನ್ನು ನೋಡಲಿಲ್ಲ. ದನಿ ಬಂದ ಕಡೆಗೆ ತಲೆ ತಿರುಗಿಸಿ ಹೊಸ್ತಿಲನ್ನು ನೋಡಿದ. ಆಯಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು, ನಿಂತಲ್ಲೇ ನಿಂತಿದ್ದಳು.